ಎಂಜಿಬಿಯ ಬುಷ್‌ಗಳನ್ನು ಎರಡು ಸಲ ಬದಲಿಸಿದ್ದು

ನನ್ನ ಎಂಜಿಬಿ ಕಾರಿನ ಮುಂಭಾಗದ ಸಸ್ಪೆನ್ಷನ್ ಬುಷ್‌ಗಳನ್ನು (ಚಕ್ರದ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ಬಳೆಗಳನ್ನು) ನಾನು ಎರಡು ಸಲ ಬದಲಿಸಿದ್ದೇನೆ. ಮೊದಲ ಸಲ ತೆಗೆದವು ಎಷ್ಟು ಹಳೆಯವೋ ಹೇಳಲಾಗದಷ್ಟು ಹಳೆಯವು. ಎರಡನೆಯ ಸಲ ತೆಗೆದವುಗಳಿಗೆ ಕೇವಲ 14 ತಿಂಗಳಾಗಿತ್ತು. ಅವು ಅಷ್ಟು ಬೇಗ ಹರಿದದ್ದಕ್ಕೆ ರಬ್ಬರಿನ ಗುಣಮಟ್ಟವನ್ನು ದೂರುವುದು ಸುಲಭವಾಗಿತ್ತು, ಕೆಲವು ದಿನ ದೂರಿದ್ದೂ ಉಂಟು. ಆದರೆ ತಪ್ಪು ನನ್ನ ಸ್ಪ್ಯಾನರಿನದು.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿನ ಮುಂಚಕ್ರಗಳ ಏರ್ಪಾಟು ಸರಳವಾದದ್ದು. ಮೇಲಿನ ತೋಳಿನ ಕೆಲಸವನ್ನು ಡ್ಯಾಂಪರಿನ (ಕುಲುಕಾಟ ತಗ್ಗಿಸುವ ಸಾಧನದ) ಲಿವರುಗಳೇ ಮಾಡುತ್ತವೆ. ಕೆಳಗೆ ಎರಡು ಬಿಡಿ ತೋಳುಗಳು ಸ್ಪ್ರಿಂಗ್ ಪ್ಯಾನಿಗೆ (ಸ್ಪ್ರಿಂಗು ಕೂರುವ ತಟ್ಟೆಗೆ) ಬೋಲ್ಟುಗಳಿಂದ ಸೇರಿ, ಕವಲಾಕಾರದ ಒಂದು ವಿಶ್‌ಬೋನ್ ಆಗುತ್ತವೆ. ಅವುಗಳ ಒಳತುದಿಯ ಕಣ್ಣುಗಳು (ದುಂಡನೆಯ ತೂತುಗಳು), ನಡುವೆ ರಬ್ಬರ್ ಬುಷ್ ಇಟ್ಟುಕೊಂಡು, ಕ್ರಾಸ್‌ಮೆಂಬರಿಗೆ (ಅಡ್ಡತೊಲೆಗೆ) ಬಿಗಿದಿರುವ ಪಿವಟ್ ಶಾಫ್ಟಿನ ಎರಡು ತುದಿಗಳ ಮೇಲೆ ಕೂರುತ್ತವೆ. ಪ್ರತಿ ಬದಿಗೆ ಎರಡರಂತೆ ಒಟ್ಟು ನಾಲ್ಕು ಕಣ್ಣುಗಳು. ಈ ಕಾರಿನಲ್ಲಿ ಕ್ಯಾಂಬರನ್ನಾಗಲಿ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಕ್ಯಾಸ್ಟರನ್ನಾಗಲಿ (ಸ್ಟೀರಿಂಗಿನ ತಿರುಗು ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಹೊಂದಿಸಿಕೊಳ್ಳಲು ಕಾರ್ಖಾನೆ ಅವಕಾಶವನ್ನೇ ಕೊಟ್ಟಿಲ್ಲ, ಟೋ (ಎರಡು ಚಕ್ರಗಳ ಮುಂತುದಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಒಂದನ್ನು ಮಾತ್ರ ಹೊಂದಿಸಬಹುದು; ಹಾಗಾಗಿ ಚಕ್ರ ಯಾವ ಕೋನದಲ್ಲಿ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಈ ನಾಲ್ಕು ಕಣ್ಣುಗಳೊಳಗಿನ ರಬ್ಬರಿನ ಸ್ಥಿತಿಯನ್ನೇ ಅವಲಂಬಿಸಿದೆ.

ಸವೆದ ಬುಷ್ ಮೊದಲು ಮಾತನಾಡುವುದು ಬ್ರೇಕ್ ಹಾಕಿದಾಗ. ಟೈರನ್ನು ರಸ್ತೆ ಹಿಂದಕ್ಕೆಳೆಯುತ್ತದೆ, ಕೆಳಗಿನ ತೋಳು ಸಡಿಲ ಕಣ್ಣಿನೊಳಗೆ ಜರುಗಿ 'ಟಕ್' ಎನ್ನುತ್ತದೆ; ಬ್ರೇಕ್ ಬಿಟ್ಟಾಗ ಮತ್ತೊಮ್ಮೆ ಅದೇ ಸದ್ದು. ನೇರ ರಸ್ತೆಯಲ್ಲಿಯೂ ಸ್ಟೀರಿಂಗನ್ನು ಸಣ್ಣಸಣ್ಣದಾಗಿ ತಿದ್ದುತ್ತಲೇ ಇರಬೇಕಾಗುತ್ತದೆ. ಇವೇ ಲಕ್ಷಣಗಳು ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಉದ್ದ ಕೀಲು) ಸವೆದಾಗಲೂ ಕಾಣಿಸಿಕೊಳ್ಳುವುದರಿಂದ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ ನೋಡುವುದರ ಜೊತೆಗೆ, ತೋಳಿನ ಒಳತುದಿಗೆ ಒಂದು ಮೀಟುಗೋಲು ಕೊಟ್ಟು, ಕಣ್ಣು ಶಾಫ್ಟಿನ ಸುತ್ತ ಎಷ್ಟು ಸರಿಯುತ್ತದೆ ಎಂದು ನೋಡುವುದು ಅಗತ್ಯ. ನನ್ನ ಕಾರಿನಲ್ಲಿ ರಬ್ಬರು ಕಣ್ಣಿನಿಂದ ಹೊರಗೆ ಅಣಬೆಯಂತೆ ಅರಳಿಕೊಂಡಿತ್ತು. ಹಿಂದೆ ಯಾರೋ ಕೀರಲು ಸದ್ದು ನಿಲ್ಲಿಸಲೆಂದು ಅದಕ್ಕೆ ಧಾರಾಳವಾಗಿ ಗ್ರೀಸ್ ಮೆತ್ತಿದ್ದರು. ಖನಿಜ ತೈಲದ ಗ್ರೀಸ್ ಈ ಬಗೆಯ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸ್ಪ್ರಿಂಗಿನ ಮಾತೊಂದನ್ನು ಬಿಟ್ಟು. ಒತ್ತಿಕೊಂಡಿರುವ ಕಾಯಿಲ್ ಸ್ಪ್ರಿಂಗು ತಪ್ಪಿಸಿಕೊಂಡರೆ ಮನುಷ್ಯನನ್ನು ಕೊಲ್ಲಬಲ್ಲದು. ಕಾರಿನ ಭಾರವನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಿ, ಸ್ಪ್ರಿಂಗ್ ಪ್ಯಾನಿನ ಕೆಳಗೆ ಜಾಕ್ ಕೊಟ್ಟು ಹಿಡಿದುಕೊಂಡು, ಬ್ರೇಕ್ ಕ್ಯಾಲಿಪರನ್ನು ಕಳಚಿ ಅದರ ಹೋಸಿಗೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ, ಆಂಟಿ-ರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ) ಲಿಂಕನ್ನೂ ಬಿಡಿಸಿದ ಮೇಲೆಯೇ ಡ್ಯಾಂಪರಿನ ಲಿವರುಗಳನ್ನು ಕಿಂಗ್‌ಪಿನ್ನಿಗೆ ಕೂಡಿಸುವ ಮೇಲಿನ ಟ್ರನಿಯನ್ ಬೋಲ್ಟನ್ನು ತೆಗೆಯಬೇಕು. ಆ ಬಳಿಕ ಜಾಕನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗು ತಾನಾಗಿ ಸಡಿಲಗೊಂಡು ಕೈಗೆ ಬರುತ್ತದೆ. ಕಿಂಗ್‌ಪಿನ್ನಿನ ಕೆಳಗಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ವಾಡಿಕೆ. ನನ್ನದು ಒಂದು ಬದಿಯಲ್ಲಿ ಇಡೀ ಮಧ್ಯಾಹ್ನವನ್ನು ನುಂಗಿತು.

ಮೂಲ ಬುಷ್‌ಗಳು ಎರಡೆರಡು ಹೋಳುಗಳಾಗಿದ್ದು, ಅವನ್ನು ಬರಿಗೈಯಲ್ಲೇ ಕೂರಿಸಬಹುದು. ನಾನು ಅವುಗಳ ಬದಲು, 1973ರಿಂದ 1976ರವರೆಗೆ ತಯಾರಾದ ಎಂಜಿಬಿ ಜಿಟಿ ವಿ8 ಮಾದರಿಯಲ್ಲಿದ್ದ ಬುಷ್‌ಗಳನ್ನು ಆರಿಸಿಕೊಂಡೆ. ಇದರಲ್ಲಿ ಉಕ್ಕಿನ ಕೊಳವೆಯ ಸುತ್ತ ರಬ್ಬರನ್ನು ಬೆಸೆದು ಒಂದೇ ತುಂಡಾಗಿ ಮಾಡಿರುತ್ತಾರೆ. ಕಣ್ಣಿನ ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ತೆಗೆದು, ಸಾಬೂನು ನೀರು ಹಚ್ಚಿ, ಉದ್ದನೆಯ ಬೋಲ್ಟು, ದಪ್ಪ ವಾಶರು ಮತ್ತು ಅಳತೆಗೆ ಸರಿಯಾದ ಸಾಕೆಟ್ ಬಳಸಿ ಎಳೆದರೆ ಬುಷ್ ಮೊಂಡು ಹಿಡಿಯುತ್ತಲೇ ಒಳಗೆ ಸೇರುತ್ತದೆ. ಪಾಲಿಯುರಿಥೇನ್ ಬುಷ್ ಹಾಕಬೇಕೆಂದು ಸಲಹೆ ಕೊಟ್ಟವರು ಹಲವರು. ಅದು ಎಣ್ಣೆಗೆ ಜಗ್ಗುವುದಿಲ್ಲ, ತೋಳನ್ನು ಇನ್ನೂ ಖಚಿತವಾಗಿ ಹಿಡಿಯುತ್ತದೆ ಎಂಬುದು ನಿಜ. ಆದರೆ ರಸ್ತೆಯ ಒರಟನ್ನೂ ಅಷ್ಟೇ ಖಚಿತವಾಗಿ ಕಾರಿನೊಳಕ್ಕೆ ತಲುಪಿಸುತ್ತದೆ, ಸಿಲಿಕೋನ್ ಗ್ರೀಸ್ ಒಣಗಿದ ದಿನದಿಂದ ಕಿರುಗುಟ್ಟುತ್ತದೆ. ರೇಸಿಗೆ ಹೋಗದ ಕಾರಿಗೆ ರಬ್ಬರೇ ಸರಿ ಎಂಬುದು ನನ್ನ ಅಭಿಪ್ರಾಯ.

ನಾನು ಎಡವಿದ್ದು ಈ ಎರಡು ಬಗೆಗಳ ನಡುವಿನ ಇನ್ನೊಂದು ವ್ಯತ್ಯಾಸವನ್ನು ಗಮನಿಸದೆ. ಪಾಲಿಯುರಿಥೇನ್ ಬುಷ್ ತನ್ನ ಕೊಳವೆಯ ಸುತ್ತ ತಿರುಗುತ್ತದೆ, ಬೆಸೆದ ರಬ್ಬರ್ ಬುಷ್ ತಿರುಗುವುದೇ ಇಲ್ಲ. ತುದಿಯ ನಟ್ಟನ್ನು ಬಿಗಿದಾಗ ಒಳಗಿನ ಕೊಳವೆ ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನ ರಬ್ಬರನ್ನು ತೋಳಿನ ಕಣ್ಣು ಹಿಡಿದಿರುತ್ತದೆ. ಚಕ್ರ ಏರಿಳಿಯುವಾಗ ಆಗುವ ಚಲನೆಯನ್ನೆಲ್ಲ ನಡುವಿನ ರಬ್ಬರು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ತಾಳಿಕೊಳ್ಳಬೇಕು. ನಟ್ಟು ಬಿಗಿದ ಗಳಿಗೆಯಲ್ಲಿ ತೋಳು ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಕೋನ. ನಾನಾದರೋ ಕಾರು ಸ್ಟ್ಯಾಂಡುಗಳ ಮೇಲಿದ್ದಾಗಲೇ, ತೋಳುಗಳು ಕೆಳಗೆ ಜೋತಾಡುತ್ತಿದ್ದಾಗಲೇ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹಿಡಿದು ಬಲು ಶಿಸ್ತಿನಿಂದ ನಾಲ್ಕೂ ನಟ್ಟುಗಳನ್ನು ಪೂರ್ತಿಯಾಗಿ ಬಿಗಿದುಬಿಟ್ಟೆ. ಕಾರು ನೆಲಕ್ಕಿಳಿದ ಕ್ಷಣದಿಂದ ಬುಷ್‌ಗಳು ನಿಂತಲ್ಲಿಯೂ ತಿರುಚಿಕೊಂಡೇ ಇದ್ದವು, ಪ್ರತಿ ಉಬ್ಬಿನ ಮೇಲೆ ಇನ್ನಷ್ಟು ತಿರುಚಿಕೊಂಡವು. ಮೊದಮೊದಲು ಕಾರಿನ ಮೂತಿ ತುಸು ಎತ್ತರಕ್ಕೆ ನಿಂತದ್ದನ್ನು ಕಂಡು, ಹೊಸ ಬುಷ್‌ಗಳ ಕಸುವು ಇದು ಎಂದು ಖುಷಿಪಟ್ಟಿದ್ದೆ. 14 ತಿಂಗಳ ನಂತರ 'ಟಕ್' ಸದ್ದು ಮರಳಿತು. ಬಿಚ್ಚಿ ನೋಡಿದರೆ ನಾಲ್ಕರಲ್ಲಿ ಮೂರು ಬುಷ್‌ಗಳ ರಬ್ಬರು ಕೊಳವೆಯಿಂದ ಸುತ್ತಲೂ ಕಿತ್ತುಬಂದಿತ್ತು.

ಎರಡನೆಯ ಸಲ ನಟ್ಟುಗಳನ್ನು ಕೈಬಿಗಿಗಿಂತ ತುಸು ಹೆಚ್ಚು ಮಾತ್ರ ಬಿಗಿದು, ಚಕ್ರಗಳನ್ನು ಹಾಕಿ, ನಾಲ್ಕೂ ಚಕ್ರಗಳನ್ನು ಒಂದೇ ಎತ್ತರದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದೆ. ಭಾರ ಚಕ್ರಗಳ ಮೇಲೂ ಇರುತ್ತದೆ, ಕೆಳಗೆ ನುಸುಳಲು ಜಾಗವೂ ಸಿಗುತ್ತದೆ. ಕಾರಿನ ಮುಂಭಾಗವನ್ನು ಹಲವು ಸಲ ಒತ್ತಿ ಕುಣಿಸಿ, ಅದು ತನ್ನ ಸಹಜ ಎತ್ತರಕ್ಕೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಟ್ಟೆ. ನಟ್ಟಿನ ಸೀಳು, ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತಿಗೆ ಎದುರಾಗದಿದ್ದಲ್ಲಿ ಹಿಂದಕ್ಕೆ ಸಡಿಲಿಸದೆ, ಮುಂದಿನ ಸೀಳು ಬರುವವರೆಗೆ ಬಿಗಿದೆ. ತೋಳುಗಳ ಸ್ಥಾನ ಬದಲಾಗಿದ್ದರಿಂದ ಟೋವನ್ನೂ ಹೊಸದಾಗಿ ಹೊಂದಿಸಿ, ಸುಮಾರು 2 ಮಿ.ಮೀ. ಒಳಮುಖವಾಗಿ ನಿಲ್ಲಿಸಿದೆ.

ಏಳುವ ಮುನ್ನ ಪ್ರತಿ ನಟ್ಟಿನ ವಾಶರಿನಿಂದ ತೋಳಿನ ಕಣ್ಣಿನ ಅಂಚಿನವರೆಗೆ ಬಿಳಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆದೆ. ಕಾರನ್ನು ಜಾಕ್ ಮೇಲೆ ಎತ್ತಿದಾಗ ತೋಳು ಇಳಿಬೀಳುವುದರಿಂದ ಗೆರೆ ತುಂಡಾಗಿ ಕಾಣಿಸುತ್ತದೆ. ಇಳಿಸಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಈಗ ಮೂರನೆಯ ವರ್ಷ ನಡೆಯುತ್ತಿದೆ, ನಾಲ್ಕೂ ಗೆರೆಗಳು ಪ್ರತಿ ಸಲವೂ ಕೂಡಿಕೊಳ್ಳುತ್ತಿವೆ.