ನಾಲ್ಕನೇ ಕಾಲಂ

"ಮೇಡಂ, ಆ ತಪ್ಪು ಆಗಿದ್ದು ಹೋದ ತಿಂಗಳು. ಅದಕ್ಕೆ ಮುಂಚಿನ ಹನ್ನೊಂದು ತಿಂಗಳು ನಾನೇನು ಮಾಡಿದೆ ಅನ್ನೋದು ಇದರಲ್ಲಿ ಎಲ್ಲಿದೆ?"

ವರ್ಷದ ಕೆಲಸಕ್ಕೆ ಅಂಕ ಹಾಕುವ ಅಪ್ರೈಸಲ್ ಫಾರಂ ನಮ್ಮಿಬ್ಬರ ನಡುವೆ ಮೇಜಿನ ಮೇಲಿತ್ತು. ಐದಕ್ಕೆ ಮೂರು ಅಂತ ರೇಟಿಂಗ್ ಹಾಕಿದವಳು ನಾನೇ. ನಮ್ಮದು ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಟೀಮ್, ಆಗ ಒಂಬತ್ತು ಜನ ಇದ್ದೆವು. ಈಕೆ ದೊಡ್ಡ ಗ್ರಾಹಕರೊಬ್ಬರಿಗೆ ಬೇರೆಯವರ ಪತ್ರ ಕಳಿಸಿಬಿಟ್ಟಿದ್ದರು. ದೊಡ್ಡ ಗಲಾಟೆಯಾಗಿತ್ತು. ಫಾರಂ ತುಂಬಲು ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ವರ್ಷದ ಮೊದಲ ಭಾಗದಲ್ಲಿ ಯಾರೂ ಹೇಳದೆಯೇ ಅವರು ನಮ್ಮ ಸಿದ್ಧ ಉತ್ತರಗಳನ್ನೆಲ್ಲ ತಿದ್ದಿ ಬರೆದಿದ್ದರು. ಅದರಿಂದ ಒಂದೇ ದೂರು ಎರಡೆರಡು ಸಲ ಬರುವುದು ಕಡಿಮೆಯಾಗಿತ್ತು. ಅದರ ಬಗ್ಗೆ ಫಾರಂನಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ವಾರವೇ ಒಂದು ಸಾದಾ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಗೆರೆ ಎಳೆದೆ. ದಿನಾಂಕ, ಹೆಸರು, ನಾನು ಕಂಡದ್ದು, ನಾನು ಅವರಿಗೆ ಹೇಳಿದ್ದು. ಪ್ರತಿ ಶುಕ್ರವಾರ ಸಂಜೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ ಇದಕ್ಕೇ. ನನ್ನ ಮರೆವಿಗೆ ಮದ್ದು ಅಂತ ಶುರು ಮಾಡಿದ್ದು. ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ಕಣ್ಣು ನಿಂತದ್ದು ನಾಲ್ಕನೇ ಕಾಲಂ ಮೇಲೆ. ಅರ್ಧಕ್ಕರ್ಧ ಖಾಲಿ. ಒಳ್ಳೆಯದನ್ನೂ ಕಂಡಿದ್ದೇನೆ, ಕೆಟ್ಟದ್ದನ್ನೂ ಕಂಡಿದ್ದೇನೆ, ಎರಡನ್ನೂ ಬಾಯಿಬಿಟ್ಟು ಹೇಳಿಲ್ಲ. ವರ್ಷದ ಕೊನೆಗೆ ಫಾರಂನಲ್ಲಿ ಬರೆದು ಅವರಿಗೆ ಆಘಾತ ಕೊಡಲು ಇಟ್ಟುಕೊಂಡ ಹಾಗಿತ್ತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ: ಎದುರು ಕೂತು ಹೇಳದೇ ಇದ್ದದ್ದನ್ನು ಫಾರಂನಲ್ಲಿ ಬರೆಯುವ ಹಕ್ಕು ನನಗಿಲ್ಲ.

ಹೇಳುವುದನ್ನು ಕಲಿಯೋಕೆ ಮಾತ್ರ ತುಂಬಾ ಸಮಯ ಹಿಡಿಯಿತು. ಮೊದಮೊದಲು "ನೀವು ಸ್ವಲ್ಪ ಅಜಾಗರೂಕರಾಗಿದ್ದೀರಿ" ಅನ್ನುತ್ತಿದ್ದೆ. ಎದುರಿನವರ ಮುಖ ಬಾಡುತ್ತಿತ್ತು, ಕೆಲಸ ಸುಧಾರಿಸುತ್ತಿರಲಿಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ, ಫೀಡ್‌ಬ್ಯಾಕ್ ಕುರಿತು ಅದುವರೆಗೆ ನಡೆದಿದ್ದ ಪ್ರಯೋಗಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿತ್ತು, ನಿಜ. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಅದರಿಂದ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು 'ನಾನು ಎಂಥವನು' ಅನ್ನುವ ಕಡೆ ಹೋದಷ್ಟೂ ಅದರ ಪ್ರಯೋಜನ ಇಳಿಯುತ್ತದೆ ಅನ್ನುವುದು ಅವರ ವಿವರಣೆ. ಓದಿದಾಗ ನನಗೆ ಆ ಬಾಡಿದ ಮುಖಗಳೆಲ್ಲ ನೆನಪಾದವು. ಈಗ "ಮಂಗಳವಾರ ಕಳಿಸಿದ ಮೂರು ಪತ್ರಗಳಲ್ಲಿ ದೂರಿನ ನಂಬರ್ ಬಿಟ್ಟುಹೋಗಿದೆ, ಏನಾಯ್ತು?" ಅಂತ ಕೇಳುತ್ತೇನೆ. ಕೇಳಿ ಸುಮ್ಮನೆ ಕಾಯುತ್ತೇನೆ. ಕಾಯುವುದು ನನಗೆ ಈಗಲೂ ಕಷ್ಟ.

ಹಾಗೆ ಕೇಳಿದ್ದರಿಂದಲೇ ಒಬ್ಬರ ವಿಷಯದಲ್ಲಿ ದೊಡ್ಡ ಅನ್ಯಾಯ ತಪ್ಪಿತು. ಟೀಮ್‌ನಲ್ಲಿ ಎಲ್ಲರಿಗಿಂತ ಹಳಬರು. ವಾರಕ್ಕೆ ಅವರು ಮುಗಿಸುವ ದೂರುಗಳ ಸಂಖ್ಯೆ ಇದ್ದಕ್ಕಿದ್ದಂತೆ ಇಳಿಯತೊಡಗಿತು. ಹಳೆಯ ಅಭ್ಯಾಸದವಳಾಗಿದ್ದರೆ ವರ್ಷಾಂತ್ಯದವರೆಗೆ ಕಾದು 'ಉತ್ಸಾಹ ಕಡಿಮೆಯಾಗಿದೆ' ಅಂತ ಬರೆದುಬಿಡುತ್ತಿದ್ದೆ. ಮೂರನೇ ವಾರ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತು ಹೇಳಲಿಲ್ಲ. ಆಮೇಲೆ, "ಕಷ್ಟದ ಕೇಸ್‌ಗಳನ್ನೆಲ್ಲ ಹುಡುಗರು ನನ್ನ ಹತ್ತಿರ ತರ್ತಾರೆ. ಬೇಡ ಅನ್ನೋಕೆ ಆಗಲ್ಲ ಮೇಡಂ" ಅಂದರು. ಪಟ್ಟಿ ತೆಗೆದು ನೋಡಿದರೆ ನಿಜ. ತಿಂಗಳುಗಟ್ಟಲೆ ಎಳೆದ ದೂರುಗಳಲ್ಲಿ ಹೆಚ್ಚಿನವು ಅವರ ಮೇಜಿನ ಮೇಲೆ. ಡ್ಯಾಶ್‌ಬೋರ್ಡ್ ಪ್ರಕಾರ ಅವರು ಟೀಮ್‌ನ ಕೊನೆಯವರು. ವಾಸ್ತವದಲ್ಲಿ ಟೀಮ್‌ನ ಭಾರ ಹೊತ್ತವರೇ ಅವರು. ಆಗಿಂದ ದೂರುಗಳನ್ನು ಸುಲಭ, ಮಧ್ಯಮ, ಕಠಿಣ ಅಂತ ಬೇರೆ ಮಾಡಿ ಎಣಿಸುತ್ತಿದ್ದೇವೆ. ಹೊಸಬರಿಗೆ ಕಲಿಸುವುದೂ ಅವರ ಕೆಆರ್‌ಎಯಲ್ಲಿ, ಅಂದರೆ ವರ್ಷದ ಗುರಿಗಳ ಪಟ್ಟಿಯಲ್ಲಿ, ಸೇರಿತು. ವರ್ಷದ ಮಧ್ಯೆ ಗುರಿ ಬದಲಿಸಬಾರದು ಅಂತ ಮೇಲಿನವರು ತಕರಾರು ಮಾಡಿದರು. ಕೆಲಸವೇ ಬದಲಾದ ಮೇಲೆ ಗುರಿ ಹಾಗೇ ಇರಬೇಕು ಅನ್ನುವುದಕ್ಕೆ ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಎಲ್ಲ ಸಲವೂ ಹೀಗೆ ಸುಖಾಂತವಾಗಿಲ್ಲ. ಒಬ್ಬರ ಜೊತೆ ಹದಿನೈದು ದಿನಕ್ಕೊಮ್ಮೆ ಕೂತೆ, ಏನು ಸುಧಾರಿಸಬೇಕು ಅಂತ ಬರೆದುಕೊಟ್ಟೆ, ಜೊತೆಗೆ ಒಬ್ಬರನ್ನು ಹಾಕಿದೆ. ಕೆಲಸ ಸುಧಾರಿಸಿಕೊಳ್ಳಲು ಬರವಣಿಗೆಯಲ್ಲಿ ಕೊಡುವ ಮೂರು ತಿಂಗಳ ಗಡುವು, ಪಿಐಪಿ, ಅದೂ ಮುಗಿಯಿತು, ಪತ್ರ ಬರೆಯುವ ಕೆಲಸ ಅವರಿಗೆ ಒಗ್ಗಲೇ ಇಲ್ಲ. ಬೇರೆ ವಿಭಾಗಕ್ಕೆ ಹೋದರು. ಹೊರಡುವ ದಿನ ನನ್ನ ಹತ್ತಿರ ಬಂದು ಕೈ ಕುಲುಕಿದರು. ಪಿಐಪಿ ಕೈಗೆ ಬಂದ ದಿನ ಅದರಲ್ಲಿದ್ದ ಯಾವ ಮಾತೂ ಅವರಿಗೆ ಹೊಸದಾಗಿರಲಿಲ್ಲ. ನನಗೆ ಸಮಾಧಾನ ಇರುವುದು ಅದೊಂದರಲ್ಲೇ.

ಇನ್ನು ಬೆಲ್ ಕರ್ವ್, ಅಂದರೆ ಇಷ್ಟು ಜನಕ್ಕೆ ಹೆಚ್ಚು, ಇಷ್ಟು ಜನಕ್ಕೆ ಕಡಿಮೆ ರೇಟಿಂಗ್ ಅಂತ ಮೊದಲೇ ಪಾಲು ಹಾಕಿಡುವುದು. ಇಷ್ಟೆಲ್ಲ ಮಾಡಿದ ಮೇಲೂ ವರ್ಷದ ಕೊನೆಗೆ "ನಿಮ್ಮ ಟೀಮ್‌ನಲ್ಲಿ ಒಬ್ಬರಿಗಾದರೂ ಎರಡು ಬರಲೇಬೇಕು" ಅಂತ ಎಚ್‌ಆರ್‌ನಿಂದ ಮೇಲ್ ಬರುತ್ತಿತ್ತು. ಜ್ಯಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಹೆಸರುವಾಸಿ ಮಾಡಿದ ಪದ್ಧತಿ ಇದು, ಉದ್ಯೋಗಿಗಳನ್ನು ಮೂರು ಪಾಲು ಮಾಡುವುದು: ಮೇಲಿನ 20 ಪ್ರತಿಶತ, ನಡುವಿನ 70, ಕೆಳಗಿನ 10. ನನಗೆ ತುಂಬಾ ನೋವಾಗುವ ವಿಷಯ ಏನೆಂದರೆ, ಅದಕ್ಕೆ ಎಷ್ಟೋ ಮುಂಚೆ, 1965ರಲ್ಲೇ, ಅದೇ ಕಂಪನಿಯಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಗಿತ್ತು. ವಾರ್ಷಿಕ ಸಭೆಯಲ್ಲಿನ ಟೀಕೆಯಿಂದ ಕೆಲಸ ಸುಧಾರಿಸುವುದಿಲ್ಲ, ಸಂಬಳದ ಮಾತು ಮತ್ತು ಸುಧಾರಣೆಯ ಮಾತು ಒಂದೇ ಸಭೆಯಲ್ಲಿ ಬೇಡ, ದಿನದಿನವೂ ಹೇಳಿಕೊಡಿ ಅಂತ ಅದರಲ್ಲಿತ್ತು. ಅಡೋಬಿ 2012ರಲ್ಲಿ ವಾರ್ಷಿಕ ರೇಟಿಂಗ್ ಕೈಬಿಟ್ಟಿತು, ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಉದ್ಯೋಗಿಗಳನ್ನು ಸಾಲಾಗಿ ನಿಲ್ಲಿಸಿ ಅಳೆಯುವುದನ್ನು ನಿಲ್ಲಿಸಿತು. ಫಾರಂ, ಸಭೆ, ರೇಟಿಂಗ್ ಅಂತ ವರ್ಷಕ್ಕೆ ಸುಮಾರು 20 ಲಕ್ಷ ಗಂಟೆ ಹೋಗುತ್ತಿದೆ ಅಂತ ಸಲಹಾ ಸಂಸ್ಥೆ ಡೆಲಾಯ್ಟ್ ತನ್ನದೇ ಲೆಕ್ಕ ಹಾಕಿ ನೋಡಿತ್ತು.

ಇದೆಲ್ಲ ಜೋಡಿಸಿ, ನನ್ನ ನೋಟ್‌ಬುಕ್‌ನ ಪುಟಗಳ ಪ್ರತಿಯನ್ನೂ ಲಗತ್ತಿಸಿ, ಎರಡು ವರ್ಷ ಎಚ್‌ಆರ್‌ಗೆ ಬರೆದೆ. ಹತ್ತು ಜನಕ್ಕಿಂತ ಚಿಕ್ಕ ಟೀಮ್‌ಗಳಿಗೆ ಆ ಕಡ್ಡಾಯ ಈಗ ಇಲ್ಲ. ಉಳಿದವರಿಗೆ ಇನ್ನೂ ಇದೆ. ಬರೆಯುವುದನ್ನು ನಾನು ಬಿಟ್ಟಿಲ್ಲ. ಹೈಕ್, ಅಂದರೆ ಸಂಬಳ ಏರಿಕೆಯ ಮಾತನ್ನು ನಾವು ಬೇರೆ ದಿನ, ಬೇರೆಯಾಗಿಯೇ ಆಡುತ್ತೇವೆ. ಸಂಖ್ಯೆ ಕೇಳಿಸಿಕೊಂಡ ಕಿವಿಗೆ ಬೇರೆ ಯಾವ ಮಾತೂ ಇಳಿಯುವುದಿಲ್ಲ ಅನ್ನುವುದನ್ನು ನಾನೇ ಎಷ್ಟೋ ಸಲ, ಮೇಜಿನ ಆ ಬದಿಯಲ್ಲಿ ಕೂತು, ಅನುಭವಿಸಿದ್ದೇನೆ.

ಇವತ್ತು ಶುಕ್ರವಾರ. ನೋಟ್‌ಬುಕ್ ತೆರೆದಿದ್ದೇನೆ. ಒಂದು ಹೆಸರಿನ ಮುಂದೆ ನಾಲ್ಕನೇ ಕಾಲಂ ಖಾಲಿ ಇದೆ. ಚುರುಕಿನ ಹುಡುಗ, ಕೆಲಸದಲ್ಲಿ ಕೊರತೆ ಇಲ್ಲ. ಆದರೆ ಈ ವಾರದ ಎರಡೂ ಸಭೆಗಳಲ್ಲಿ, ಹೊಸದಾಗಿ ಸೇರಿದವಳು ಮಾತಾಡುವಾಗ ನಡುವೆ ಬಾಯಿ ಹಾಕಿದ. ಎರಡನೇ ಸಲ ಅವಳು ಮಾತು ಮುಗಿಸಲೇ ಇಲ್ಲ. ನಾನು ಅಲ್ಲೇ ಕೂತಿದ್ದೆ, ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಮೂರು ಸಲ ಬರೆದು ಹೊಡೆದುಹಾಕಿ, ನಾಲ್ಕನೇ ಸಲ ಇಷ್ಟು ಉಳಿಸಿಕೊಂಡಿದ್ದೇನೆ: "ಗುರುವಾರದ ಸಭೆಯಲ್ಲಿ ಅವಳ ಮಾತು ಅರ್ಧಕ್ಕೆ ನಿಂತಿತು, ನೀನು ಗಮನಿಸಿದೆಯಾ?" ಸೋಮವಾರ ಹತ್ತು ಗಂಟೆಗೆ ಬಾ ಅಂತ ಅವನಿಗೆ ಹೇಳಿದ್ದಾಗಿದೆ. ಅವಳನ್ನು ಹನ್ನೊಂದಕ್ಕೆ ಕರೆದಿದ್ದೇನೆ, ಅವಳು ಹೇಳಹೊರಟಿದ್ದು ಏನು ಅಂತ ಕೇಳೋದಕ್ಕೆ.