ಒಬ್ಬರು ಬಾಚಿದರೆ ಎಲ್ಲರಿಗೂ ಬಂದ್

ಬೆಳಗಾವಿಯ ವಿಶ್ವವಿದ್ಯಾಲಯವೊಂದರ ಲೈಬ್ರರಿಯಲ್ಲಿ ಇ-ಜರ್ನಲ್‌ಗಳನ್ನು, ಅಂದರೆ ಆನ್‌ಲೈನ್‌ನಲ್ಲಿ ಓದುವ ಸಂಶೋಧನಾ ಪತ್ರಿಕೆಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಒಂದು ದಿನ ಪ್ರಕಾಶಕರಿಂದ ಮೇಲ್ ಬಂತು. ನಮ್ಮ ಕ್ಯಾಂಪಸ್‌ನಿಂದ ಮಿತಿ ಮೀರಿ ಡೌನ್‌ಲೋಡ್ ಆಗಿದೆ, ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂತ. ಅಷ್ಟೊತ್ತಿಗೆ ಕೆಮಿಸ್ಟ್ರಿ ವಿಭಾಗದಿಂದ ಫೋನ್ ಮೇಲೆ ಫೋನ್. ಯಾರಿಗೂ ಒಂದು ಲೇಖನವೂ ತೆರೆಯುತ್ತಿಲ್ಲ.

ಯಾಕೆ ಹೀಗೆ? ಕ್ಯಾಂಪಸ್ ಒಳಗೆ ಕೂತು ಓದುವಾಗ ಪ್ರಕಾಶಕರಿಗೆ ನಿಮ್ಮ ಹೆಸರು ಕಾಣಿಸುವುದಿಲ್ಲ, ಇಂಟರ್ನೆಟ್ ಸಂಪರ್ಕದ ವಿಳಾಸವಾದ ಐಪಿ ನಂಬರ್ ಅಷ್ಟೇ ಕಾಣಿಸುತ್ತದೆ. ನಮ್ಮಲ್ಲಿ ಹಾಸ್ಟೆಲ್, ಲ್ಯಾಬ್, ಲೈಬ್ರರಿ ಎಲ್ಲವೂ ಹೊರಗೆ ಹೋಗುವುದು ಅದೇ ನಂಬರಿನಿಂದ. ಅದನ್ನು ತಡೆದರೆ ಎಲ್ಲರಿಗೂ ಬಂದ್.

ನೆಟ್‌ವರ್ಕ್‌ನವರು ಲಾಗ್ ತೆಗೆದು ನೋಡಿದರು. ಪಿಎಚ್‌ಡಿ ಹುಡುಗನೊಬ್ಬ ಸಾಫ್ಟ್‌ವೇರ್ ಹಾಕಿ ಒಂದು ಜರ್ನಲ್‌ನ ಹಳೇ ಸಂಚಿಕೆಗಳನ್ನೆಲ್ಲ ರಾತ್ರಿಯಿಡೀ ಇಳಿಸಿದ್ದ. ಕರೆಸಿ ಕೇಳಿದೆ.

"ಮೇಡಂ, ಮುಂದಿನ ತಿಂಗಳು ರಾಮದುರ್ಗಕ್ಕ ಹೊಂಟೀನ್ರಿ. ಅಲ್ಲಿ ಇದು ಯಾವುದೂ ತೆರಿಯೂದಿಲ್ಲ ಅಂದ್ರು. ಅದಕ್ಕ ಎಲ್ಲಾ ಇಳಿಸಿಟ್ಕೊಂಡೇನ್ರಿ."

ಅವನದು ಕಳ್ಳತನದ ಬುದ್ಧಿಯಲ್ಲ, ಕೈತಪ್ಪಿ ಹೋದೀತು ಅನ್ನುವ ಭಯ. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಕೇಂದ್ರ ಇನ್‌ಫ್ಲಿಬ್‌ನೆಟ್, ಅದರ ಲಾಗಿನ್ ವ್ಯವಸ್ಥೆಯಾದ ಇನ್‌ಫೆಡ್ ಮೂಲಕ ಊರಿನಿಂದಲೇ ಲಾಗಿನ್ ಆಗಬಹುದು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಬೈದು ಕಳಿಸಿದ್ದರೆ ಅದು ಗೊತ್ತಾಗುತ್ತಿರಲೂ ಇಲ್ಲ. ಇಳಿಸಿದ ಫೈಲ್‌ಗಳನ್ನು ಅಳಿಸಿದ, ಅದನ್ನೇ ನಾವು ಪ್ರಕಾಶಕರಿಗೆ ಬರೆದೆವು, ಆಮೇಲೆ ಸಂಪರ್ಕ ಮರಳಿ ಬಂತು.

ಸರ್ಕಾರಿ ಸಂಸ್ಥೆಗಳಿಗೆಲ್ಲ ಕೇಂದ್ರ ಸರ್ಕಾರವೇ ಜರ್ನಲ್ ಚಂದಾ ಕಟ್ಟುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿ 1ರಿಂದ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಜನರ ತೆರಿಗೆ ದುಡ್ಡು ಅಲ್ವಾ? ನಮ್ಮ ಹಳ್ಳಿ ಮಕ್ಕಳಿಗೂ ಈಗ ದೊಡ್ಡ ಐಐಟಿಯವರು ಓದುವ ಜರ್ನಲ್ ಸಿಗುತ್ತಿದೆ. ಅದು ನಿಲ್ಲಬಾರದು ಅನ್ನುವುದೇ ನನ್ನ ಕಾಳಜಿ.

ಬೇಕಾದ ಲೇಖನ ಇಳಿಸಿಕೊಳ್ಳಿ, ಪ್ರಿಂಟ್ ತೆಗೆದು ಗೆರೆ ಹಾಕಿ ಓದಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಪಾಸ್‌ವರ್ಡ್ ಮಾತ್ರ ಗೆಳೆಯರಿಗೆ ಕೊಡಬೇಡಿ. ಪಿಡಿಎಫ್ ಕಂತೆಯನ್ನು ಟೆಲಿಗ್ರಾಂ ಗ್ರೂಪಿಗೆ ಹಾಕಬೇಡಿ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದ ಪ್ರಬಂಧಗಳ ಮಾತು ಬೇರೆ, ಅವು ಎಲ್ಲರಿಗೂ ತೆರೆದೇ ಇವೆ.

ಈಗ ಪಿಎಚ್‌ಡಿ ಕೋರ್ಸ್‌ವರ್ಕ್‌ನ ಮೊದಲ ವಾರವೇ ಎಲ್ಲರ ಮೊಬೈಲ್ ತೆಗೆಸುತ್ತೇನೆ. ವೈಫೈ ಬಂದ್ ಮಾಡಿ, ಅವರವರ ಡೇಟಾದಲ್ಲೇ ಇನ್‌ಫೆಡ್ ಲಾಗಿನ್ ಮಾಡಿಸುತ್ತೇನೆ. ಸಾವಿರಾರು ಲೇಖನ ಒಟ್ಟಿಗೆ ಬೇಕಾಗುವ ಸಂಶೋಧನೆಯಾದರೆ ಮೊದಲೇ ನಮ್ಮ ಹತ್ತಿರ ಬರಲಿ, ಪ್ರಕಾಶಕರಿಗೆ ಬರೆದು ಅನುಮತಿ ಕೇಳುತ್ತೇವೆ.