ಹೌದು, ಅದು ನೀಲಿ ಡ್ರಮ್ಮೇ

ಪೆಟ್ರೋಲ್ ಬಂಕಲ್ಲಿ ಕೇಳಿದ್ದಾರೆ, ಸಿಗ್ನಲ್ಲಲ್ಲಿ ಕೇಳಿದ್ದಾರೆ, ಒಮ್ಮೆ ಸಾವಿನ ಮನೆ ಅಂಗಳದಲ್ಲೂ ಕೇಳಿದ್ದಾರೆ: "ಅದೇನ್ರೀ, ಬೈಕಿಗೆ ಡ್ರಮ್ ಕಟ್ಕೊಂಡಿದ್ದೀರಾ?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೀನಿ, ಓದ್ಕೊಳ್ಳಿ.

ಹೌದು, ಅದು ನೀಲಿ ಡ್ರಮ್ಮೇ. ವಾರಕ್ಕೊಮ್ಮೆ ನೀರು ಬಿಟ್ಟಾಗ ನೀವು ತುಂಬಿಸಿಡ್ತೀರಲ್ಲ, ಆ 200 ಲೀಟರಿನದು. ತಳ ಒಡೆದದ್ದೊಂದನ್ನ ಗುಜರಿಯಿಂದ ತಂದು, ಎರಡು ತುಂಡು ಕೊಯ್ದು, ಹ್ಯಾಂಡಲ್ಲಿನ ಎರಡೂ ಗ್ರಿಪ್ಪಿನ ಮುಂದೆ ಬೋಲ್ಟ್ ಹಾಕಿ ಕೂರಿಸಿದೀನಿ. ಕೈಗೆ ಗಾಳಿ ಹೊಡೀಬಾರದು ಅಂತ. ಉತ್ತರ ಮುಗೀತು.

ಆದರೆ ಯಾರಿಗೂ ಅಲ್ಲಿಗೆ ಮುಗಿಯಲ್ಲ. ಮುಂದಿನದು ಬಂದೇ ಬರುತ್ತೆ: "ಯಾಕೆ, ಅಂಗಡೀಲಿ ಸಿಗಲ್ವಾ?" ಸಿಗುತ್ತೆ, ಅದು ಕೇಳೋರಿಗೂ ಗೊತ್ತು. ಅವರಿಗೆ ಬೇಕಾಗಿರೋದು ನನಗೇನು ಬಡತನ ಬಂತು ಅನ್ನೋ ವಿವರ. ನಮ್ಮ ದೊಡ್ಡ ಮಾವನಿಗೆ ಅಷ್ಟು ಸುತ್ತಿಬಳಸಿ ಕೇಳೋ ತಾಳ್ಮೆಯೂ ಇಲ್ಲ. ದಾವಣಗೆರೆಯಲ್ಲಿ ಚಿಕ್ಕಮ್ಮನ ಮಗಳ ಗೃಹಪ್ರವೇಶ. ಶಾಮಿಯಾನದ ಪಕ್ಕ ಗಾಡಿ ನಿಲ್ಲಿಸಿ ನಾನಿನ್ನೂ ಹೆಲ್ಮೆಟ್ ತೆಗೆದಿಲ್ಲ, ಎಲೆಅಡಿಕೆ ಬಾಯಲ್ಲೇ ಮಾವ ಕೂಗಿದ್ರು: "ಲೇ, ಕಂಪನಿಯೋರು ಸಂಬಳ ಕೊಡವಲ್ಲರೇನೋ? ನಮ್ಮನಿ ಹಿತ್ತಲಾಗೆ ಇನ್ನೊಂದು ಡ್ರಮ್ಮೈತಿ, ಒಯ್ಯಂಗಿದ್ರೆ ಒಯ್ಯಿ!" ಊಟಕ್ಕೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಮಾವ ಹತ್ತಿರ ಬಂದು ಆ ತುಂಡಿನ ಅಂಚು ಹಿಡಿದು, ಮುರಿದೇ ತೋರಿಸ್ತೀನಿ ಅನ್ನೋ ಥರ ಬಗ್ಗಿಸಿದ್ರು. ಅರ್ಧಕ್ಕೆ ಮಡಚಿತು, ಬಿಟ್ಟ ತಕ್ಷಣ ಟಪ್ ಅಂತ ಮೊದಲಿನ ಹಾಗೇ ನಿಂತಿತು. ಇನ್ನೊಂದ್ಸಲ ಬಗ್ಗಿಸಿದ್ರು. ಮತ್ತೆ ಟಪ್. "ಅದಿರ್ಲಿ, ನಿನ್ನ ಮದಿವಿ ಯಾವಾಗ?" ಅಂತ ಮಾತು ತಿರುಗಿಸಿದ್ರು.

ನಾನು ಡ್ರಮ್ಮನ್ನೇ ಆರಿಸಿದ್ದು ಆ ಟಪ್ ಅನ್ನೋ ಗುಣಕ್ಕೆ. ಅದು ಎಚ್‌ಡಿಪಿಇ ಅನ್ನೋ ಜಾತಿಯ ಪ್ಲಾಸ್ಟಿಕ್. ಗಾಡಿ ಬಿದ್ದರೆ ಬಾಗುತ್ತೆ, ಚೂರಾಗಲ್ಲ. ಪೆಟ್ರೋಲ್ ಚೆಲ್ಲಿದರೂ ಬಿರುಕು ಬಿಡಲ್ಲ. ಡ್ರಮ್ಮಿನದೇ ದುಂಡು ಇರೋದರಿಂದ ಕೈಯ ಸುತ್ತ ಅದಾಗೇ ಕೂರುತ್ತೆ, ಬಿಸಿ ಮಾಡಿ ಬಗ್ಗಿಸೋ ರಗಳೆ ಕಡಿಮೆ. "ಗಾಜಿನ ಥರದ್ದು ಹಾಕಿದ್ರೆ ನೀಟಾಗಿರ್ತಿತ್ತು" ಅನ್ನೋರು ಅಕ್ರಿಲಿಕ್ ಶೀಟಿಗೆ ಒಂದು ತೂತು ಕೊರೆದು ನೋಡಿ. ಸ್ವಲ್ಪ ಅವಸರ ಮಾಡಿದರೂ ತೂತಿನ ಅಂಚಿಂದ ಸೀಳು ಹೊರಡುತ್ತೆ. ಪಾಲಿಕಾರ್ಬೊನೇಟ್ ಭಾರೀ ಗಟ್ಟಿ, ಒಪ್ಪಿದೆ. ಆದರೆ ಅದಕ್ಕೆ ಪೆಟ್ರೋಲ್ ಆಗಿಬರಲ್ಲ, ತಾಗಿದ ಕಡೆ ನವಿರಾಗಿ ಬಿರುಕು ಬಿಡುತ್ತೆ. ಇನ್ನು ಅಂಗಡಿಯ ಹ್ಯಾಂಡ್ ಗಾರ್ಡುಗಳ ಮೂಲ ಉದ್ದೇಶ ಕಾಡು ದಾರಿಯಲ್ಲಿ ಕೊಂಬೆ ಬೆರಳಿಗೆ ಬಡೀಬಾರದು ಅನ್ನೋದು. ನಾನು ನೋಡಿದವೆಲ್ಲ ಗೆಣ್ಣು ಮುಚ್ಚುತ್ತವೆ, ಮಣಿಕಟ್ಟನ್ನ ಬಯಲಿಗೇ ಬಿಡುತ್ತವೆ.

"ಹೋಗ್ಲಿ, ಕಪ್ಪು ಬಣ್ಣ ಆದ್ರೂ ಹೊಡೀಬಾರ್ದಾ?" ಎಚ್‌ಡಿಪಿಇ ಮೇಲೆ ಬಣ್ಣ ಕಚ್ಚಲ್ಲ ಸ್ವಾಮಿ. ಅಂಟೂ ಕಚ್ಚಲ್ಲ, ಅದಕ್ಕೇ ಬೋಲ್ಟು. ನೀಲಿ ನೀಲಿಯಾಗೇ ಇರುತ್ತೆ, ನೀವು ಕೇಳ್ತಾನೇ ಇರ್ತೀರಿ.

ಮೈಲೇಜ್? ಒಂದು ಹನಿಯೂ ಉಳಿಯಲ್ಲ. ಪೊಲೀಸ್? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರೋ ವಿವರಕ್ಕೂ ಕಂಪನಿಯವರು ಮೊದಲು ಕೊಟ್ಟ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡೀನ ಬದಲಾಯಿಸಬೇಡ ಅನ್ನುತ್ತೆ. ನನ್ನ ಆರ್‌ಸಿಯಲ್ಲಿ ಡ್ರಮ್ಮಿನ ಕಾಲಂ ಇಲ್ಲ. ಇಂಡಿಕೇಟರ್ ಮುಚ್ಚದ ಹಾಗೆ ನೋಡ್ಕೊಂಡಿದೀನಿ. ಗ್ಲೌಸ್? ಅದೂ ಹಾಕ್ತೀನಿ. ಆದರೆ 10 ಡಿಗ್ರಿ ಚಳಿಯಲ್ಲಿ 60ರಲ್ಲಿ ಹೊರಟರೆ ಬಯಲಾದ ಚರ್ಮಕ್ಕೆ ಅದು 5 ಡಿಗ್ರಿಯ ಹಾಗೆ ಹತ್ತುತ್ತೆ. ಗ್ಲೌಸ್ ಒದ್ದೆಯಾದರಂತೂ ಕೇಳೋದೇ ಬೇಡ, ಬೆರಳು ಮರಗಟ್ಟಿ ಕ್ಲಚ್ ಎಲ್ಲಿ ಕಚ್ಚುತ್ತೆ ಅಂತಾನೇ ತಿಳಿಯಲ್ಲ.

ನನ್ನ ಮೆಕ್ಯಾನಿಕ್ ಮಾತ್ರ ನಗಲಿಲ್ಲ, ಏನೂ ಕೇಳಲೂ ಇಲ್ಲ. ಹ್ಯಾಂಡಲ್ಲನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಟ್ಯಾಂಕಿಗೆ ತಾಗುತ್ತಾ ನೋಡಿದ. ಆಕ್ಸಿಲರೇಟರ್ ತಿರುವಿ ಬಿಟ್ಟ, ತಾನಾಗೇ ವಾಪಸ್ ಬಂತು. ಆಮೇಲೆ ಪ್ಲಾಸ್ಟಿಕ್ಕಿಗೂ ಬ್ರೇಕ್ ಲಿವರಿಗೂ ನಡುವೆ ಎರಡು ಬೆರಳು ತೂರಿಸಿದ. ನೋಡಬೇಕಾದ್ದು ಅದನ್ನ. ವೇಗ ದುಪ್ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು. 40ರಲ್ಲಿ ಅಲುಗದ ತುಂಡು 80ರಲ್ಲಿ ಹಿಂದಕ್ಕೆ ಬಾಗಿ ಲಿವರ್ ಒತ್ತಬಹುದು. ನಿಮಗೆ ಗೊತ್ತೂ ಆಗಲ್ಲ. ಹಿಂದೆ ಬ್ರೇಕ್ ಲೈಟು ಉರೀತಾ ಇರುತ್ತೆ, ಮುಂದೆ ಡಿಸ್ಕ್ ಕಾಯ್ತಾ ಇರುತ್ತೆ. ಅದಕ್ಕೇ ಎರಡು ಕಡೆ ಹಿಡಿತ ಬೇಕು: ಒಂದು ಕನ್ನಡಿಯ ಬುಡದಲ್ಲಿ ಕಬ್ಬಿಣದ ಎಲ್ ಪಟ್ಟಿ, ಇನ್ನೊಂದು ಹ್ಯಾಂಡಲ್ ತುದಿಯ ವೇಟಿನಲ್ಲಿ. ಒಂದೇ ಕಡೆ ಬಿಗಿದರೆ ಗಾಳಿಗೆ ತಿರುಗಿಕೊಳ್ಳುತ್ತೆ.

ಯಾರಾದರೂ ಒಬ್ಬರು, "ಕೈಗೆ ಹೊಡೀತಿದ್ದ ಗಾಳಿ ಈಗ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರೆ ಟೀ ನಾನೇ ಕೊಡಿಸ್ತೀನಿ. ತಡೆದ ಗಾಳಿ ಮಾಯ ಆಗಲ್ಲ. ಅಂಚು ದಾಟಿದ ಮೇಲೆ ಸುಳಿ ಸುತ್ತುತ್ತೆ. ಅಂಚು ತಪ್ಪು ಜಾಗದಲ್ಲಿದ್ದರೆ ಆ ಸುಳಿ ನೆಟ್ಟಗೆ ಜಾಕೆಟ್ಟಿನ ತೋಳೊಳಗೆ ನುಗ್ಗಿ ಕಂಕುಳವರೆಗೂ ಬರುತ್ತೆ. ಗಾಡಿಯ ಮುಂದೆ ಗಾಳಿ ತಡೆಯೋಕೆ ಗಿಡ್ಡ ವೈಸರ್ ಹಾಕಿಸಿದವರ ಹೆಲ್ಮೆಟ್ ಗಡಗಡ ಅಲುಗೋದೂ ಇದೇ ಕಾರಣಕ್ಕೆ. ಇದನ್ನ ಕಣ್ಣಲ್ಲೇ ನೋಡಬಹುದು. ಗ್ಲೌಸಿನ ಮೇಲೆ, ತೋಳಿನ ಮೇಲೆ ಬೆರಳುದ್ದದ ಉಲನ್ ದಾರದ ತುಂಡುಗಳನ್ನ ಟೇಪಲ್ಲಿ ಅಂಟಿಸಿ, ಖಾಲಿ ರಸ್ತೆಯಲ್ಲಿ ಪಕ್ಕದ ಗಾಡಿಯ ಹಿಂದೆ ಕೂತವರಿಂದ ವಿಡಿಯೊ ಮಾಡಿಸಿ. ದಾರ ಹಿಂದಕ್ಕೆ ನೇರ ಮಲಗಿದ್ದರೆ ಅಲ್ಲಿ ಗಾಳಿ ಸಲೀಸಾಗಿ ಹರೀತಿದೆ. ಗಿರಗಿರ ತಿರುಗಿದರೆ ಸುಳಿ. ಸುಮ್ಮನೆ ಜೋತುಬಿದ್ದಿದ್ದರೆ ಅಲ್ಲಿ ಗಾಳಿಯೇ ಇಲ್ಲ. ಬೆರಳಿನ ಮೇಲಿನ ದಾರಗಳೆಲ್ಲ ಜೋತುಬೀಳೋವರೆಗೆ ಮೊದಲು ರಟ್ಟಲ್ಲಿ ಮಾಡಿದ ಮಾದರಿ ತುಂಡನ್ನೇ ಕತ್ತರಿಸ್ತಾ ಹೋದೆ. ಡ್ರಮ್ಮಿಗೆ ಹ್ಯಾಕ್ಸಾ ಬ್ಲೇಡ್ ಹಾಕಿದ್ದು ಆಮೇಲೆ.

ದೊಡ್ಡದಿದ್ದಷ್ಟೂ ಒಳ್ಳೇದು ಅಂದ್ಕೊಂಡು ಮೊರದಗಲ ಕೊಯ್ಯಬೇಡಿ. ಇದು ಕೂತಿರೋದು ಹ್ಯಾಂಡಲ್ ಮೇಲೆ. ಆಷಾಢದಲ್ಲಿ ಚಿತ್ರದುರ್ಗದ ಹತ್ತಿರ ಹೆದ್ದಾರಿ ಹಿಡಿದವರಿಗೆ ಗೊತ್ತು, ಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನ ಸುಮ್ಮನೆ ನೆಟ್ಟಿಲ್ಲ. ಅಡ್ಡಗಾಳಿ ದೊಡ್ಡ ಪ್ಲಾಸ್ಟಿಕ್ಕಿಗೆ ಹೊಡೆದರೆ ಹ್ಯಾಂಡಲ್ಲೇ ತಿರುಗುತ್ತೆ, ಅದರಲ್ಲೂ ಲಾರಿಯ ಮರೆ ದಾಟಿ ಬಯಲಿಗೆ ಬಂದ ಕ್ಷಣದಲ್ಲಿ. ಗೆಣ್ಣು ಮತ್ತು ಮಣಿಕಟ್ಟು ಮುಚ್ಚಿದರೆ ಸಾಕು.

"ನಮಗೂ ಒಂದು ಜೊತೆ ಮಾಡ್ಕೊಡಿ" ಅನ್ನೋರಿಗೆ: ಮಾಡ್ಕೊಡಲ್ಲ. ಪ್ರತಿ ಗಾಡಿಯ ಲಿವರ್ ಬೇರೆ, ಕೇಬಲ್ ಹಾಯೋ ದಾರಿ ಬೇರೆ, ನಿಮ್ಮ ಕೈಯೂ ಬೇರೆ. ಗುಜರಿ ಅಂಗಡಿಗೆ ಹೋಗಿ, ಆಸಿಡ್ಡೋ ಬೆಳೆಗೆ ಹೊಡೆಯೋ ಔಷಧಿಯೋ ತುಂಬಿಸಿದ್ದ ಡ್ರಮ್ ಬಿಟ್ಟು ಬೇರೆ ಯಾವುದಾದರೂ ಕೇಳಿ ತನ್ನಿ. ಕೊಯ್ದ ಅಂಚನ್ನ ಅರದಲ್ಲಿ ಉಜ್ಜಿ ದುಂಡಗೆ ಮಾಡಿ. ಸಾದಾ ನಟ್ ಅದುರಿ ಸಡಿಲ ಆಗುತ್ತೆ, ಒಳಗೆ ನೈಲಾನ್ ಉಂಗುರ ಇರೋ ನೈಲಾಕ್ ನಟ್ ಹಾಕಿ. ಯಮಹಾದವರು ಬಲಗಡೆ ಕನ್ನಡಿ ಬಿಚ್ಚುವಾಗ ಉಲ್ಟಾ ತಿರುಗಿಸಬೇಕು, ಅದು ಎಡ ಥ್ರೆಡ್ಡು.